ಜಿಪ್ಸಿಗೆ ಬ್ರೇಡೆಡ್ ಪೆಟ್ರೋಲ್ ಪೈಪ್: ಹಾಕಿಸಿಕೊಂಡವರು ಹೇಳಿ

ಪ್ರಶ್ನೆ, ಬೆಳಗಾವಿಯಿಂದ:

ನನ್ನ ಹಳೆಯ ಕಾರ್ಬುರೇಟರ್ ಮಾರುತಿ ಜಿಪ್ಸಿಗೆ 1.3 ಲೀಟರಿನ ಎಂಪಿಎಫ್‌ಐ (ಇಂಜೆಕ್ಟರ್‌ನಿಂದ ಪೆಟ್ರೋಲ್ ಸಿಂಪಡಿಸುವ) ಇಂಜಿನ್ ಕೂರಿಸುತ್ತಿದ್ದೇನೆ. ಟ್ಯಾಂಕಿನಿಂದ ಇಂಜಿನ್‌ವರೆಗೆ ಪೂರ್ತಿ ಸ್ಟೀಲ್ ಬ್ರೇಡೆಡ್ ಪೈಪ್ (ಮೇಲೆ ಸ್ಟೀಲ್ ಎಳೆ ಹೆಣೆದದ್ದು) ಹಾಕಬೇಕು ಅಂತ ಆಸೆ. ಇಲ್ಲಿನ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಹೈಡ್ರಾಲಿಕ್ ಅಂಗಡಿಯಲ್ಲಿ ಮಾಡಿಸಿದರೆ ನಡೆಯುತ್ತದಾ? ಯಾವ ಸೈಜ್ ಬೇಕು?

ಟಿಳಕವಾಡಿಯಿಂದ:

ನಾನು ಎರಡು ಸಲ ಹಾಕಿದ್ದೇನೆ. ಮೊದಲ ಸಲ ತಪ್ಪಾಯಿತು. ಅದನ್ನೇ ಮೊದಲು ಹೇಳುತ್ತೇನೆ.

ಮೀಟರ್ ಲೆಕ್ಕದಲ್ಲಿ ಸಿಗುವ ಹೊಳೆಯುವ ಪೈಪ್ ತಂದಿದ್ದೆ. ಅದರ ಮೇಲೆ ಹೆಸರಿರಲಿಲ್ಲ, ಯಾವ ಸ್ಟ್ಯಾಂಡರ್ಡ್ ಅಂತಲೂ ಇರಲಿಲ್ಲ. ಎಂಟು ತಿಂಗಳಿಗೆ, ಚೋರ್ಲಾ ಘಾಟು ಇಳಿಯುವಾಗ, ಗಾಡಿಯೊಳಗೆ ಪೆಟ್ರೋಲ್ ವಾಸನೆ. ಬಗ್ಗಿ ನೋಡಿದರೆ ಒಂದು ಫಿಟ್ಟಿಂಗ್ ಒದ್ದೆ. ಅದನ್ನು ಬದಲಿಸಿದೆ. ಮತ್ತೆ ಒದ್ದೆ. ಇನ್ನೊಂದು ಸಲ ಬದಲಿಸಿದೆ. ಕೊನೆಗೆ ಗೊತ್ತಾಯಿತು, ಸೋರುತ್ತಿದ್ದ ಜಾಗ ಅಲ್ಲಿಂದ ಒಂದೂವರೆ ಅಡಿ ಮೇಲಿತ್ತು. ಪೆಟ್ರೋಲ್ ಸ್ಟೀಲ್ ಎಳೆಗಳ ಸಂದಿಯಲ್ಲೇ ಹರಿದು ಬಂದು ತಗ್ಗಿನಲ್ಲಿ ತೊಟ್ಟಿಕ್ಕುತ್ತಿತ್ತು. ಬಿಚ್ಚಿದಾಗ ಒಳಗಿನ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಹೊರಗಿನಿಂದ ಮಾತ್ರ ನಿನ್ನೆ ತಂದಹಾಗೆ ಕಾಣುತ್ತಿತ್ತು. ಸಾದಾ ರಬ್ಬರ್ ಪೈಪ್ ಆಗಿದ್ದರೆ ಆ ಬಿರುಕು ಎಂದೋ ಕಣ್ಣಿಗೆ ಬೀಳುತ್ತಿತ್ತು ಅಲ್ವಾ? ಅದಕ್ಕೇ ಹೇಳುತ್ತೇನೆ, ಪೈಪ್ ಕೊಳ್ಳುವಾಗ ಒಳಗೆ ಏನಿದೆ ಅಂತ ಕೇಳಿ.

ಉದ್ಯಮಬಾಗದಲ್ಲಿ ಕೈಕೆಲಸ ಚೆನ್ನಾಗಿದೆ, ಫಿಟ್ಟಿಂಗನ್ನು ಪೈಪಿಗೆ ಒತ್ತಿ ಕೂರಿಸುವ ಕ್ರಿಂಪ್ ಮಷೀನ್‌ಗಳಿವೆ. ಆದರೆ ಸಾಮಾನ್ಯ ಹೈಡ್ರಾಲಿಕ್ ಹೋಸ್ ಎಣ್ಣೆಗಾಗಿ ಮಾಡಿದ್ದು. ನೂರಾರು ಬಾರ್ ಒತ್ತಡ ತಡೆಯುತ್ತದೆ ಅಂತ ತೋರಿಸುತ್ತಾರೆ, ಅದು ನಿಜ. ನಿಮ್ಮ ಎಂಪಿಎಫ್‌ಐಗೆ ಬೇಕಿರುವುದು ಸುಮಾರು 3 ಬಾರ್. ಇಲ್ಲಿ ಒತ್ತಡ ದೊಡ್ಡ ಮಾತಲ್ಲ. ಆ ರಬ್ಬರನ್ನು ತಿನ್ನುವುದು ಪೆಟ್ರೋಲ್, ಅದರಲ್ಲೂ ಎಥೆನಾಲ್ ಬೆರೆತದ್ದು. ಟೆಫ್ಲಾನ್ ಒಳಪದರದ ಹೋಸ್ ತರಿಸಿಕೊಡಿ ಅಂತ ಕೇಳಿ. ಅದರಲ್ಲೂ ಕಾರ್ಬನ್ ಬೆರೆಸಿದ ಕಪ್ಪು ಟೆಫ್ಲಾನ್ ಇರಲಿ. ಪೆಟ್ರೋಲ್ ಹರಿಯುವಾಗ ಬಿಳಿ ಟೆಫ್ಲಾನ್‌ನಲ್ಲಿ ಸ್ಟ್ಯಾಟಿಕ್ ಕರೆಂಟ್ ಕೂಡಿಕೊಳ್ಳುತ್ತದೆ. ಕಿಡಿ ಹಾರಿ ಸೂಜಿಮೊನೆಯಷ್ಟು ತೂತು ಬೀಳಬಹುದು. ಕಾರ್ಬನ್ ಇದ್ದರೆ ಆ ಕರೆಂಟ್ ಫಿಟ್ಟಿಂಗ್ ಮೂಲಕ ಇಳಿದು ಹೋಗುತ್ತದೆ.

ಸೈಜ್ ಎಎನ್-6 ಸಾಕು. ಎಎನ್ ಅನ್ನುವುದು ಪೈಪ್, ಫಿಟ್ಟಿಂಗ್‌ಗಳ ಒಂದು ಅಳತೆ ಪದ್ಧತಿ. ಆ ಅಂಕೆ ಇಂಚಿನ ಹದಿನಾರನೇ ಭಾಗದ ಲೆಕ್ಕ. 6 ಅಂದರೆ 6/16, ಅಂದರೆ 3/8 ಇಂಚು. 80 ಎಚ್‌ಪಿ ಆಸುಪಾಸಿನ ಇಂಜಿನ್‌ಗೆ ಅದೇ ಜಾಸ್ತಿ.

ಫಿಟ್ಟಿಂಗ್ ವಿಷಯದಲ್ಲಿ ಅಂಗಡಿಯಲ್ಲೇ ನಿಂತು ನೋಡಿಕೊಳ್ಳಿ. ಎಎನ್ ಮತ್ತು ಹೈಡ್ರಾಲಿಕ್ ಕೆಲಸದ ಜೆಐಸಿ, ಎರಡೂ ಫಿಟ್ಟಿಂಗ್‌ಗಳ ಕೋನ್ (ಸೀಲ್ ಆಗುವ ಇಳಿಜಾರು ತುದಿ) 37 ಡಿಗ್ರಿ, 6ರ ಥ್ರೆಡ್ 9/16-18, ಅಂದರೆ 9/16 ಇಂಚು ದಪ್ಪ, ಇಂಚಿಗೆ 18 ಸುತ್ತು. ಇವು ಒಂದಕ್ಕೊಂದು ಕೂರುತ್ತವೆ. 3/8 ಬಿಎಸ್‌ಪಿ (ಬ್ರಿಟಿಷ್ ಪೈಪ್ ಥ್ರೆಡ್) ಕೈಗಿಟ್ಟರೆ ವಾಪಸ್ ಕೊಡಿ, ಅದರ ಥ್ರೆಡ್ಡೇ ಬೇರೆ. 45 ಡಿಗ್ರಿ ಫ್ಲೇರ್ (ಅಗಲಿಸಿದ ಪೈಪ್ ತುದಿ) ಇನ್ನೂ ಮೋಸ, ಕೂತಂತೆ ಕಂಡು ಆಮೇಲೆ ಸೋರುತ್ತದೆ. ಕೋನ್ ಮೇಲೆ ಟೆಫ್ಲಾನ್ ಟೇಪ್ ಸುತ್ತಬೇಡಿ. ಅಲ್ಲಿ ಲೋಹದ ಮೇಲೆ ಲೋಹ ಕೂತೇ ಸೀಲ್ ಆಗಬೇಕು. ಟೇಪಿನ ಚೂರು ಇಂಜೆಕ್ಟರ್ ಕಡೆ ಹೋದರೆ ಬೇರೆಯೇ ತಲೆನೋವು.

ಇನ್ನು, ಪೂರ್ತಿ ಬ್ರೇಡೆಡ್ ಬೇಡ. ಚಾಸಿಯ ಉದ್ದಕ್ಕೆ ಸ್ಟೀಲ್ ಪೈಪ್ ಓಡಿಸಿ. ಟ್ಯಾಂಕಿನ ಹತ್ತಿರ ಒಂದು ತುಂಡು, ಇಂಜಿನ್ ಹತ್ತಿರ ಒಂದು ತುಂಡು ಬ್ರೇಡೆಡ್ ಹಾಕಿದರೆ ಸಾಕು. ಅಲುಗಾಡುವ ಜಾಗ ಅವೆರಡೇ.

ವಿಜಯಪುರದಿಂದ:

ಮೇಲಿನವರು ಹೇಳಿದ್ದು ಸರಿ. ನನ್ನದು ಬೇರೆ ಕಥೆ. ನನ್ನ ಕಾರಿನಲ್ಲಿ ಪೈಪ್ ಒಳ್ಳೆಯದೇ ಇತ್ತು. ಆದರೆ ಸ್ಟೀಲ್ ಬ್ರೇಡ್ ಅಂದರೆ ಗರಗಸ ಇದ್ದಹಾಗೆ. ಯಾವುದಕ್ಕೆ ತಾಗುತ್ತದೋ ಅದನ್ನು ಕೊಯ್ಯುತ್ತದೆ. ನನ್ನದು ಸ್ಟಾರ್ಟರ್ ಕೇಬಲ್‌ಗೆ ಉಜ್ಜುತ್ತಿತ್ತು. ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು, ಗಾಡಿ ನಿಲ್ಲಿಸಿ ಬ್ಯಾಟರಿ ಬಿಚ್ಚಿದೆ. ಕೇಬಲ್ಲಿನ ತಾಮ್ರ ಕಾಣುತ್ತಿತ್ತು. ಆ ತಾಮ್ರ ತಾಗುತ್ತಿದ್ದದ್ದು ಪೆಟ್ರೋಲ್ ಪೈಪಿಗೆ. ಈಗಲೂ ನೆನೆಸಿಕೊಂಡರೆ ಮೈ ಜುಮ್ ಅನ್ನುತ್ತದೆ.

ರಬ್ಬರ್ ಇರುವ ಪಿ-ಕ್ಲಿಪ್ ಹಾಕಿ ಬಿಗಿಯಾಗಿ ಹಿಡಿಸಿ. ತಗಡಿನ ತೂತಿನಿಂದ ಹೋಗುವಲ್ಲಿ ಗ್ರೊಮೆಟ್ (ರಬ್ಬರ್ ಬಳೆ) ಇರಲೇಬೇಕು. ಸೈಲೆನ್ಸರ್ ಪೈಪಿನಿಂದ ದೂರ ಇಡಿ, ನಮ್ಮ ಏಪ್ರಿಲ್ ಬಿಸಿಲಿಗೆ ಬಾನೆಟ್ ಒಳಗೆ ಮೊದಲೇ ಒಲೆ. ಇಂಜಿನ್ ಮೌಂಟ್ ಮೇಲೆ ಕುಲುಕುತ್ತದೆ, ಅಲ್ಲಿ ಪೈಪಿಗೆ ಸ್ವಲ್ಪ ಸಡಿಲ ಬಿಡಿ.

ಇನ್ನೊಂದು ಮಾತು ಕೇಳಲೇಬೇಕು. ಪಂಪಿಗೆ ಕೀಯಿಂದ ನೇರ ವೈರ್ ಎಳೆಯಲು ಬಿಡಬೇಡಿ. ಇಸಿಯು (ಇಂಜಿನ್ ಕಂಪ್ಯೂಟರ್) ನಡೆಸುವ ರಿಲೇ ಮೂಲಕವೇ ಬರಲಿ. ಇಂಜಿನ್ ನಿಂತರೆ ಪಂಪ್ ನಿಲ್ಲಬೇಕು. ನೇರ ವೈರ್ ಇದ್ದರೆ, ಅಪಘಾತದಲ್ಲಿ ಪೈಪ್ ಹರಿದರೂ ಪಂಪ್ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ.

ಬಾಗಲಕೋಟೆಯಿಂದ:

ಟ್ಯಾಂಕಿನೊಳಗಿನ ತುಂಡು ಮರೆಯಬೇಡಿ. ಪಂಪ್ ಒಳಗೆ ಕೂರಿಸಿದರೆ ಅದರ ಗಿಡ್ಡ ಹೋಸ್ ಪೆಟ್ರೋಲಿನಲ್ಲೇ ಮುಳುಗಿರುತ್ತದೆ. ಸಾಮಾನ್ಯ ಇಎಫ್‌ಐ (ಇಂಜೆಕ್ಷನ್ ಇಂಜಿನ್ನಿನ) ಹೋಸಿನ ಹೊರಪದರ ಅದಕ್ಕೆ ಮಾಡಿದ್ದಲ್ಲ, ಉಬ್ಬಿ ಮೆತ್ತಗಾಗುತ್ತದೆ. ಮುಳುಗಿರುವ ಕೆಲಸಕ್ಕೆ ಅಂತಲೇ ಜೆ30ಆರ್10 ಗುರುತಿನದು ಬರುತ್ತದೆ. ಹೊರಗೆ ರಬ್ಬರ್ ಹೋಸ್ ಹಾಕುವುದಾದರೆ ಜೆ30ಆರ್9. ಹಳೆಯ ಕಾರ್ಬುರೇಟರ್ ಹೋಸನ್ನು ಒಂದಿಂಚೂ ಉಳಿಸಬೇಡಿ. ನಮ್ಮ ಸೀಮೆಯ ಕಬ್ಬೇ ಎಥೆನಾಲ್ ಆಗಿ ಪೆಟ್ರೋಲಿಗೆ ಸೇರುತ್ತಿದೆ. ಈಗ ಬಂಕಿನಲ್ಲಿ ಸಿಗುವುದು ಇ20, ಅಂದರೆ ಶೇಕಡಾ 20ರವರೆಗೆ ಎಥೆನಾಲ್ ಬೆರೆತದ್ದು. ಆ ಹೋಸ್ ಮಾಡಿದ ಕಾಲದಲ್ಲಿ ಅದು ಇರಲಿಲ್ಲ.

ಪ್ರಶ್ನೆ ಕೇಳಿದವರು:

ತುಂಬಾ ಉಪಕಾರವಾಯಿತು. ಚಾಸಿಗೆ ಸ್ಟೀಲ್, ಎರಡು ತುದಿಗೆ ಟೆಫ್ಲಾನ್ ಬ್ರೇಡೆಡ್ ಅಂತ ತೀರ್ಮಾನ ಮಾಡಿದೆ. ಫಿಟ್ಟಿಂಗ್ ನಾನೇ ಕೂರಿಸಬಹುದಾ?

ಟಿಳಕವಾಡಿಯಿಂದ:

ಖಂಡಿತ. ಮೊದಲು, ಟೆಫ್ಲಾನ್ ಹೋಸಿನ ಫಿಟ್ಟಿಂಗೇ ಬೇರೆ, ರಬ್ಬರ್ ಹೋಸಿನದು ಬೇರೆ. ಟೆಫ್ಲಾನ್‌ದಕ್ಕೆ ಹಿತ್ತಾಳೆಯ ಅಥವಾ ಅಲ್ಯೂಮಿನಿಯಂನ ಸಣ್ಣ ಬಳೆ ಬರುತ್ತದೆ. ಕೊಯ್ಯುವ ಜಾಗಕ್ಕೆ ಟೇಪ್ ಬಿಗಿಯಾಗಿ ಸುತ್ತಿ, ಇಂಚಿಗೆ 32 ಹಲ್ಲಿನ ಹ್ಯಾಕ್ಸಾ ಬ್ಲೇಡಿನಿಂದ ನೇರವಾಗಿ ಕೊಯ್ಯಿರಿ. ನಟ್ ಅನ್ನು ಮೊದಲೇ ಪೈಪಿಗೆ ಏರಿಸಿಕೊಳ್ಳಿ. ಆಮೇಲೆ ಎಳೆಗಳನ್ನು ಹೊರಗೆ ಬಿಡಿಸಿ, ಬಳೆಯನ್ನು ಒಳಪೈಪಿನ ಮೇಲೆ ಪೂರ್ತಿ ತಳ್ಳಿ. ಒಂದೇ ಒಂದು ಸ್ಟೀಲ್ ಎಳೆ ಬಳೆಯ ಕೆಳಗೆ ಸಿಕ್ಕಿಕೊಂಡರೂ ಸೋರುತ್ತದೆ. ನನಗೆ ಇಲ್ಲೇ ಒಂದು ಇಡೀ ಸಂಜೆ ಹೋಯಿತು. ಥ್ರೆಡ್‌ಗೆ ಒಂದು ಹನಿ ಎಣ್ಣೆ ಹಾಕಿ ಬಿಗಿ ಮಾಡಿ. ನಟ್ಟಿನ ಹಿಂದೆ ಪೈಪ್ ಮೇಲೆ ಮಾರ್ಕರ್‌ನಿಂದ ಗೆರೆ ಎಳೆಯಿರಿ. ಬಿಗಿ ಮಾಡುವಾಗ ಗೆರೆ ನಟ್ಟಿನಿಂದ ದೂರ ಸರಿದರೆ ಪೈಪ್ ಹೊರಗೆ ಜಾರುತ್ತಿದೆ ಅಂತ ಅರ್ಥ, ಬಿಚ್ಚಿ ಮತ್ತೆ ಮಾಡಿ.

ಗಾಡಿಗೆ ಹಾಕುವ ಮುಂಚೆ ಒಳಗೆ ಗಾಳಿ ಊದಿ ಸ್ಟೀಲ್ ಪುಡಿ ತೆಗೆಯಿರಿ. ಒಂದು ತುದಿ ಮುಚ್ಚಿ, ಇನ್ನೊಂದು ತುದಿಯಿಂದ ಗಾಳಿ ತುಂಬಿಸಿ, ಬಕೆಟ್ ನೀರಿನಲ್ಲಿ ಐದು ನಿಮಿಷ ಮುಳುಗಿಸಿಡಿ. ಒಂದು ಗುಳ್ಳೆಯೂ ಬರಬಾರದು. ಹಾಕಿದ ಮೇಲೆ ಒಂದು ವಾರ ರಾತ್ರಿ ಗಾಡಿಯ ಕೆಳಗೆ ರಟ್ಟು ಹಾಸಿಡಿ, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ನೋಡಿ. ನನ್ನ ಬಳಿ ವೈಸ್ ಇದೆ, ಅದಕ್ಕೆ ಅಲ್ಯೂಮಿನಿಯಂ ಹಲ್ಲೂ ಇದೆ. ಭಾನುವಾರ ಪೈಪ್ ತಗೊಂಡು ಬನ್ನಿ.