1946ರ ಸಂತೋಷ್ ಟ್ರೋಫಿ: ಗೆದ್ದದ್ದು ಮೈಸೂರೋ, ಬೆಂಗಳೂರಿನ ದಂಡೋ?

ಹಲಸೂರು ಕೆರೆ: 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಸಂತೋಷ್ ಟ್ರೋಫಿ (ರಾಜ್ಯ ತಂಡಗಳ ರಾಷ್ಟ್ರೀಯ ಫುಟ್‌ಬಾಲ್ ಟೂರ್ನಿ) ಫೈನಲ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿದಾಗ ‘ಕರ್ನಾಟಕಕ್ಕೆ ಐದನೇ ಟ್ರೋಫಿ’ ಅಂತ ಎಲ್ಲ ಕಡೆ ಬಂತು. ಮೊದಲ ನಾಲ್ಕು ಮೈಸೂರು ಹೆಸರಲ್ಲಿ ಗೆದ್ದದ್ದು. ನನ್ನ ತಕರಾರು ಮೊಟ್ಟಮೊದಲನೆಯದ್ದರ ಮೇಲೆ. ಟೂರ್ನಿ ಶುರುವಾದದ್ದು 1941ರಲ್ಲಿ, ನಡುವೆ ಎರಡು ವರ್ಷ ನಡೆಯಲೇ ಇಲ್ಲ. 1946-47ರದ್ದು ಬರೀ ನಾಲ್ಕನೇ ಸಲ. ಆಗಿದ್ದು ಬೆಂಗಳೂರಲ್ಲೇ. ಬಂಗಾಳದ ಜೊತೆ ಫೈನಲ್ 0-0, ರೀಪ್ಲೇಯಲ್ಲಿ ಮೈಸೂರಿಗೆ 2-1. ನಮ್ಮೂರ ಮೈದಾನ, ನಮ್ಮೂರ ಜನ. ಇದನ್ನು ಇಷ್ಟೊಂದು ಮೆರೆಸಬೇಕಾ?

ಗೋಲ್‌ಕಿಕ್: ಹಾಗಾದ್ರೆ ಬಂಗಾಳದವರ ಲೆಕ್ಕವನ್ನೂ ತೆಗೀರಿ ಸ್ವಾಮಿ. 1941ರಲ್ಲಿ ದೆಹಲಿಗೆ 5-1 ಹೊಡೆದದ್ದು ಕಲ್ಕತ್ತದಲ್ಲಿ. 1947, 49, 50 ಮೂರೂ ಅಲ್ಲೇ. 1944ರಲ್ಲಿ ದೆಹಲಿ ಗೆದ್ದದ್ದು ದೆಹಲಿಯಲ್ಲಿ. ಮನೆಯಂಗಳದ ಗೆಲುವು ಬೇಡ ಅಂದ್ರೆ ಆ ಕಾಲದ ಅರ್ಧ ಪಟ್ಟಿ ಅಳಿಸಬೇಕಾಗುತ್ತೆ. ಇನ್ನೊಂದು ವಿಷಯ: ಮೈಸೂರು ಗೆದ್ದ ನಾಲ್ಕೂ ಫೈನಲ್‌ನಲ್ಲಿ ಎದುರಿಗಿದ್ದದ್ದು ಬಂಗಾಳವೇ. ಅದರಲ್ಲಿ 1967-68ರದ್ದು ಕಟಕ್‌ನಲ್ಲಿ.

ಆಸ್ಟಿನ್ ಟೌನ್ ಮೇಷ್ಟ್ರು: ಮೈದಾನದ ಜಗಳ ಬಿಡಿ. ಆ ತಂಡವನ್ನು ‘ಮೈಸೂರು’ ಅಂತ ಕರೆಯೋದೇ ತಮಾಷೆ. ಬೆಂಗಳೂರಿನ ಫುಟ್‌ಬಾಲ್ ಬೆಳೆದದ್ದು ದಂಡಿನ ಕಡೆ, ಅಂದ್ರೆ ಬ್ರಿಟಿಷರ ಕಂಟೋನ್ಮೆಂಟ್‌ನಲ್ಲಿ. ಗೋರಾ ಸಿಪಾಯಿಗಳು ಬೂಟು ಹಾಕ್ಕೊಂಡು ಆಡ್ತಿದ್ದರು, ಗೌತಮಪುರ, ಶಿವಾಜಿನಗರ, ನಮ್ಮ ಆಸ್ಟಿನ್ ಟೌನ್ ಹುಡುಗರು ಬರಿಗಾಲಲ್ಲಿ ಎದುರು ನಿಲ್ತಿದ್ದರು. 1937ರಲ್ಲಿ ಬಾಂಬೆಗೆ ಹೋಗಿ ಅಲ್ಲಿನ ಹಳೇ ಫುಟ್‌ಬಾಲ್ ಟೂರ್ನಿ ರೋವರ್ಸ್ ಕಪ್ ಗೆದ್ದ ಬೆಂಗಳೂರು ಮುಸ್ಲಿಮ್ಸ್ ಇಲ್ಲಿಯ ತಂಡವೇ. ಆ ಕಪ್ ಗೆದ್ದ ಮೊದಲ ಭಾರತೀಯ ತಂಡ. ಮರುವರ್ಷ ಮತ್ತೆ ಅವರೇ. ಈ ದಂಡು ಪ್ರದೇಶ ಮಹಾರಾಜರ ಕೈಗೆ ವಾಪಸ್ ಬಂದದ್ದು 1947ರ ಜುಲೈ 26ರಂದು. ಅಂದ್ರೆ ಟ್ರೋಫಿ ಗೆಲ್ಲುವಾಗ ಇಲ್ಲಿನ ಬೀದಿಗಳೆಲ್ಲ ಬ್ರಿಟಿಷ್ ರೆಸಿಡೆಂಟನ ಆಡಳಿತದಲ್ಲಿದ್ದವು! ಮನೆಯಲ್ಲಿ ತಮಿಳು, ದಖನಿ ಮಾತಾಡುವ ಹುಡುಗರು ಮೈಸೂರಿನ ಹೆಸರಿಗೆ ಬೆವರು ಸುರಿಸಿದರು. ಇವತ್ತು ಕರ್ನಾಟಕ ಅಂತ ಬೀಗುವವರು ಆ ಬೀದಿಗಳಿಗೊಮ್ಮೆ ಹೋಗಿ ಬರಲಿ.

ಧಾರವಾಡ ಪೇಢೆ: ಮೇಷ್ಟ್ರ, ನಮ್ಮ ಗತಿ ಏನ್ರಿ? ಆಗ ನಾವು ಮುಂಬೈ ಪ್ರಾಂತ್ಯದಾಗ ಇದ್ವಿ. 1945ರಾಗ ಬಾಂಬೆ ಬಂಗಾಳಕ್ಕ 2-0 ಸೋತಿದ್ದಕ್ಕ ನಾವು ಅಳಬೇಕೋ, ಮರುವರ್ಷ ಮೈಸೂರು ಗೆದ್ದಿದ್ದಕ್ಕ ಕುಣೀಬೇಕೋ? ಕಲಬುರ್ಗಿ ಮಂದಿದು ಇನ್ನೂ ಕಷ್ಟ, ಅವರು ನಿಜಾಮನ ಕಡೆ. 1949ರಾಗ ಹೈದರಾಬಾದ್ 5-0 ಹೊಡಿಸ್ಕೊಂಡಿದ್ದು ಅವರ ಖಾತೆಗೇ ಹಾಕ್ರಿ 😀

ಹಲಸೂರು ಕೆರೆ: ಅದನ್ನೇ ನಾನೂ ಹೇಳ್ತಿರೋದು. ಗೆದ್ದದ್ದು ಒಂದು ಊರಿನ ತಂಡ. ಅದಕ್ಕೆ ರಾಜ್ಯದ ಹೆಸರು ಹಚ್ಚಿದ್ದಷ್ಟೇ.

ಗೋಲ್‌ಕಿಕ್: ಒಂದು ಊರಿನ ತಂಡ ಆದ್ರೇನು? ಬಂಗಾಳದ್ದೂ ಕಲ್ಕತ್ತದ ಕ್ಲಬ್ ತಂಡವೇ ಅಲ್ವಾ? ಆ ಕ್ಲಬ್‌ಗಳು ಆಮೇಲೆ ಮಾಡಿದ್ದೇನು? ಬೆಂಗಳೂರಿಗೇ ಬಂದು ಹುಡುಗರನ್ನು ಎತ್ತಿಕೊಂಡು ಹೋದವು. ಅಹ್ಮದ್ ಖಾನ್, ಧನರಾಜ್ ಇಬ್ಬರೂ ಈಸ್ಟ್ ಬೆಂಗಾಲ್ ಪಾಲಾದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಒಂದೇ ಗೋಲು ಹೊಡೆದ ರಾಮನ್ ಬೆಂಗಳೂರಿನವರು. ಆ ಮ್ಯಾಚಲ್ಲಿ ಎರಡು ಪೆನಾಲ್ಟಿ ಹಾಳು ಮಾಡಿ 2-1 ಸೋತದ್ದು ಬೇರೆ ಕಥೆ, ನೆನೆಸಿಕೊಂಡರೆ ಇಂದಿಗೂ ಹೊಟ್ಟೆ ಉರಿಯುತ್ತೆ. ಇಂಥವರನ್ನು ಬೆಳೆಸಿದ ಊರು 1946ರಲ್ಲಿ ಗೆದ್ದರೆ ಅದು ಮೈದಾನದ ಪುಣ್ಯ ಅಂತೀರಲ್ಲ!

ಆಸ್ಟಿನ್ ಟೌನ್ ಮೇಷ್ಟ್ರು: ಮೂರನೇ ಸ್ಥಾನಕ್ಕೆ ಕೊಡುವ ಸಂಪಂಗಿ ಕಪ್ಪೂ ಮೈಸೂರಿನ ಆಟಗಾರನ ಹೆಸರಿನದೇ. ಇದು ಎಷ್ಟು ಜನಕ್ಕೆ ಗೊತ್ತು?

ಹಲಸೂರು ಕೆರೆ: ಸರಿ, ಆಟಗಾರರ ಬಗ್ಗೆ ನನ್ನ ತಕರಾರಿಲ್ಲ ಮೇಷ್ಟ್ರೇ. ಆದರೆ ನಾಲ್ಕರಲ್ಲಿ ಮೂರು ಬೆಂಗಳೂರಲ್ಲೇ ಗೆದ್ದದ್ದು: 1946, 1952, 1968. ಇದು ಸುಳ್ಳಾ? ಮೈದಾನಕ್ಕೆ ಅದರ ಪಾಲು ಕೊಡಲೇಬೇಕು. ಹೊರಗೆ ಹೋಗಿ ಗೆದ್ದದ್ದು ಕಟಕ್, ರಿಯಾದ್ ಎರಡೇ. ನನ್ನ ಮಟ್ಟಿಗೆ ಆ ಎರಡೇ ದೊಡ್ಡವು.

ಗೋಲ್‌ಕಿಕ್: ರಿಯಾದ್‌ನಲ್ಲಿ ಗೋಲು ಹೊಡೆದ ರಾಬಿನ್ ಯಾದವ್, ಬೆಕಿ ಓರಮ್ ಹೆಸರು ಹಿಡಿದು ‘ಇವರೆಲ್ಲಿ ನಮ್ಮವರು’ ಅಂತ ಇನ್ಯಾರೋ ಶುರು ಮಾಡ್ತಾರೆ ನೋಡ್ತಿರಿ. ಆಗ ನಿಮಗೆ ಉಳಿಯೋದು ಕಟಕ್ ಒಂದೇ.

ಧಾರವಾಡ ಪೇಢೆ: ಮೈದಾನದ್ದೇ ಪುಣ್ಯ ಅಂತಾದ್ರ ಮುಂದಿನ ಫೈನಲ್ ಹುಬ್ಬಳ್ಳ್ಯಾಗ ಇಡ್ರಿ. ಬಂಗಾಳದವರಿಗೆ ಬಿಸಿಲು, ಧೂಳು ಎರಡೂ ತೋರಸ್ತೀವಿ.