ಸಹಾಯ ಬೇಕು: ಆಮೆ ಅಣ್ಣತಮ್ಮಂದಿರ ಸಿನಿಮಾಗೆ ಬೈಬಲ್ ಭಾಗ

ಭಾನುವಾರ ನಮ್ಮ ಚರ್ಚಿನ ಹೈಸ್ಕೂಲ್ ಮಕ್ಕಳಿಗೆ 2007ರ ‘ಟಿಎಂಎನ್‌ಟಿ’ (ಟೀನೇಜ್ ಮ್ಯೂಟಂಟ್ ನಿಂಜಾ ಟರ್ಟಲ್ಸ್, ಅಂದರೆ ನಿಂಜಾ ಆಮೆಗಳ ಕಥೆ) ಆನಿಮೇಷನ್ ಸಿನಿಮಾ ತೋರಿಸಿ ಚರ್ಚೆ ನಡೆಸಬೇಕು. ಒಳ್ಳೆಯ ನಾಯಕನಾಗಿ ಬರಲಿ ಅಂತ ಗುರು ಸ್ಪ್ಲಿಂಟರ್ ಅಣ್ಣ ಲಿಯೊನಾರ್ಡೊನನ್ನು ಮಧ್ಯ ಅಮೆರಿಕಕ್ಕೆ ಕಳಿಸಿರುತ್ತಾನೆ. ಇತ್ತ ತಮ್ಮ ರಾಫೇಲ್ ಮುಸುಕು ಹಾಕಿಕೊಂಡು ರಾತ್ರಿ ಒಬ್ಬನೇ ಕಳ್ಳರನ್ನು ಬಡಿಯುತ್ತಾನೆ. ಲಿಯೊನಾರ್ಡೊ ವಾಪಸ್ ಬಂದಮೇಲೆ ಮಳೆಯಲ್ಲಿ, ಮಹಡಿ ಮೇಲೆ ಇಬ್ಬರ ಹೊಡೆದಾಟ. ರಾಫೇಲ್ ಅಣ್ಣನ ಕತ್ತಿಗಳನ್ನೇ ಮುರಿದು ಹಾಕುತ್ತಾನೆ, ಇನ್ನೇನು ಚುಚ್ಚಬೇಕು, ನಿಂತುಬಿಡುತ್ತಾನೆ. ನನಗೆ ಬೇಕಾದ್ದು ಈ ದೃಶ್ಯವೇ.

ದೊಡ್ಡವನಾಗಬೇಕಾದವನು ಸೇವಕನಾಗಬೇಕು ಅನ್ನುವ ಬೈಬಲಿನ ಮಾರ್ಕ 10ನೇ ಅಧ್ಯಾಯ ಲಿಯೊಗೆ ಸರಿ. ರಾಫೇಲ್‌ಗೆ? ತಮ್ಮನನ್ನೇ ಕೊಂದ ಕಾಯಿನನ ಕಥೆ ಜಾಸ್ತಿ ಕಠಿಣ ಅಲ್ವಾ? ಲೂಕ 15ರಲ್ಲಿ ಮನೆಯಲ್ಲೇ ಉಳಿದು, ಬಿಟ್ಟುಹೋದ ತಮ್ಮ ವಾಪಸ್ ಬಂದಾಗ ಸಿಟ್ಟಾಗುವ ಮಗ ಹೊಂದುತ್ತಾನಾ? ಸುಮ್ನೆ ಉಪದೇಶ ಅನ್ನಿಸದ ಎರಡು-ಮೂರು ಪ್ರಶ್ನೆಗಳಿದ್ದರೂ ಶನಿವಾರದೊಳಗೆ ಹೇಳಿ.