ಅಪ್ಪನ ಯಕ್ಷಗಾನ ರೆಕಾರ್ಡಿಂಗ್‌ಗಳಿಗೆ ಕೋಡಿ ಹೊಂದಿಸಬೇಕು: ಮೆನು ಗೊಂದಲ, ತಪ್ಪು ಪೋಸ್ಟರ್, ಡಬ್ಬಿಯಾಗುವ ಕನ್ನಡ

ಚೆಂಡೆಪೆಟ್ಟು

ಎಲ್ಲರಿಗೂ ನಮಸ್ಕಾರ. ಊರಿನ ಮನೆಯ ಟಿವಿಗೆ ರಾಸ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ಜೋಡಿಸಿ, ಕೋಡಿ ಓಡಿಸಲೆಂದೇ ಇರುವ ಲಿಬ್ರೆಎಲೆಕ್ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಿದ್ದೇನೆ. ವಿಡಿಯೋಗಳನ್ನು ಜೋಡಿಸಿ ಟಿವಿಯಲ್ಲಿ ತೋರಿಸುವ ತಂತ್ರಾಂಶ ಕೋಡಿ 21, ಸ್ಕಿನ್ (ಪರದೆಯ ಹೊರನೋಟ) ಅದರ ಜೊತೆಗೇ ಬರುವ ಎಸ್ಚುವರಿ. ಅಪ್ಪ ಹ್ಯಾಂಡಿಕ್ಯಾಮ್ ಹಿಡಿದು ಆಟಗಳಿಗೆ ಹೋಗಿ ತೆಗೆದ ವಿಡಿಯೋಗಳೆಲ್ಲ ಒಂದು ಹಾರ್ಡ್‌ಡಿಸ್ಕ್‌ನಲ್ಲಿವೆ. ಅವನ್ನು ಅಪ್ಪನೇ ಟಿವಿ ರಿಮೋಟ್‌ನಲ್ಲಿ ಹುಡುಕಿ ನೋಡುವ ಹಾಗಾಗಬೇಕು.

ಈಗಿನ ಸ್ಥಿತಿ: ಮುಖಪುಟದಲ್ಲಿ ಟಿವಿ, ರೇಡಿಯೋ, ಹವಾಮಾನ, ಆಡ್-ಆನ್ ಅಂತ ಉದ್ದ ಪಟ್ಟಿ. ಅಪ್ಪ ದಾರಿ ತಪ್ಪಿ ಹವಾಮಾನಕ್ಕೆ ಹೋದರೆ ನನಗೆ ಬೆಂಗಳೂರಿಗೆ ಫೋನ್ ಬರುತ್ತದೆ. ಲೈಬ್ರರಿಗೆ ಸೇರಿಸಿದರೆ ಕರ್ಣಪರ್ವಕ್ಕೆ ಯಾವುದೋ ಹಳೆಯ ಪೌರಾಣಿಕ ಸಿನಿಮಾದ ಪೋಸ್ಟರ್ ಬಂದು ಕೂತಿದೆ. ಕೆಲವು ಪ್ರಸಂಗಗಳು ಲೈಬ್ರರಿಯಲ್ಲೇ ಇಲ್ಲ. ಒಂದೇ ಪ್ರಸಂಗ ಬೇರೆ ಬೇರೆ ಮೇಳದ್ದು ಇದ್ದಲ್ಲಿ ಯಾವುದು ಯಾವುದೆಂದು ತಿಳಿಯುವುದಿಲ್ಲ. ಹೆಸರನ್ನು ಕನ್ನಡದಲ್ಲಿ ಬರೆದರೆ ಬರೀ ಚೌಕ ಡಬ್ಬಿ. ಮತ್ತೆ ಕುಣಿತ ಜೋರಾದಾಗ ಚಿತ್ರ ತಡೆದು ತಡೆದು ಓಡುತ್ತದೆ, ವೇಷದ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನ ಹಾಗೆ ಗೆರೆ ಬೀಳುತ್ತದೆ.

ಇದಕ್ಕೆಲ್ಲ ಒಳ್ಳೆಯ ಸ್ಕಿನ್ ಯಾವುದಿದೆ?

ಪೆಟ್ಟಿಗೆಭಟ್ಟ

ಏಯಾನ್ ನಾಕ್ಸ್ ಸ್ಕಿನ್ ಹಾಕಿ ನೋಡಿ, ಚೆಂದ ಇದೆ. ಇಲ್ಲವಾದರೆ ಕೋಡಿ ಬಿಟ್ಟು ಜೆಲ್ಲಿಫಿನ್ ಎಂಬ ಮೀಡಿಯಾ ಸರ್ವರ್‌ಗೆ ಹೋಗಿ. ನಾನು ಹೋದ ಮೇಲೆ ಹಿಂದೆ ನೋಡಿಲ್ಲ.

ಹಿಮ್ಮೇಳ

ಸ್ಕಿನ್ ಕೊನೆಗೆ ನೋಡುವ ಮಾರಾಯ್ರೆ. ಯಾವ ಸ್ಕಿನ್ ಹಾಕಿದರೂ ಅದು ತೋರಿಸುವುದು ಲೈಬ್ರರಿಯಲ್ಲಿ ಇರುವುದನ್ನೇ. ಅಲ್ಲಿ ಕರ್ಣಪರ್ವ ಒಂದು ಸಿನಿಮಾ ಅಂತ ದಾಖಲಾಗಿದ್ದರೆ ಏಯಾನ್ ನಾಕ್ಸ್ ಅದೇ ತಪ್ಪು ಪೋಸ್ಟರನ್ನು ಇನ್ನೂ ದೊಡ್ಡದಾಗಿ ತೋರಿಸುತ್ತದೆ. ನಿಮ್ಮ ತಂದೆಯವರು ಆಟ ಹುಡುಕುವುದು ಹೇಗೆ? ಯಾವ ಮೇಳ, ಯಾರ ಭಾಗವತಿಕೆ, ಕರ್ಣ ಯಾರು ಮಾಡಿದ್ದು ಅಂತ ತಾನೇ? ಆ ಮಾಹಿತಿ ಒಳಗೆ ಹೋದರೆ ಅರ್ಧಕ್ಕಿಂತ ಹೆಚ್ಚು ವಿನ್ಯಾಸ ತಾನಾಗಿಯೇ ಆಗುತ್ತದೆ.

ಮೊದಲು ಸ್ಕ್ರೇಪರ್, ಅಂದರೆ ಜಾಲದಿಂದ ಮಾಹಿತಿ ತರುವ ಭಾಗವನ್ನು ನಿಲ್ಲಿಸಿ. ಅದು ಕಡತದ ಹೆಸರು ಹಿಡಿದು ಟಿಎಂಡಿಬಿ ಜಾಲದ ಸಿನಿಮಾ ಪಟ್ಟಿಯಲ್ಲಿ ಹುಡುಕುತ್ತದೆ. ಅಪ್ಪ ತೆಗೆದ ಆಟ ಅಲ್ಲಿ ಇರಲು ಸಾಧ್ಯವೇ ಇಲ್ಲ, ಹಾಗಾಗಿ ಹತ್ತಿರದ ಹೆಸರಿನದ್ದನ್ನು ತಂದು ಅಂಟಿಸುತ್ತದೆ, ಇಲ್ಲವೇ ಕೈಬಿಡುತ್ತದೆ. ಯಕ್ಷಗಾನದ ಫೋಲ್ಡರ್ ಮೇಲೆ ಓಕೆ ಗುಂಡಿ ಒತ್ತಿ ಹಿಡಿದು ಚೇಂಜ್ ಕಂಟೆಂಟ್‌ಗೆ ಹೋಗಿ. ಒಮ್ಮೆ 'ನನ್' (ಯಾವುದೂ ಅಲ್ಲ) ಅಂತ ಕೊಟ್ಟರೆ ಹಳೆಯ ದಾಖಲೆ ತೆಗೆಯಲೇ ಅಂತ ಕೇಳುತ್ತದೆ, ಹೌದು ಅನ್ನಿ. ಮತ್ತೆ ಮೂವೀಸ್ ಅಂತ ಆರಿಸಿ, ಮಾಹಿತಿ ಕೊಡುವವರ ಜಾಗದಲ್ಲಿ ಲೋಕಲ್ ಇನ್ಫರ್ಮೇಶನ್ ಓನ್ಲಿ ಹಾಕಿ. ಪ್ರತಿ ಸಿನಿಮಾ ಪ್ರತ್ಯೇಕ ಫೋಲ್ಡರ್‌ನಲ್ಲಿದೆ ಎಂಬ ಸ್ವಿಚ್ ಆನ್ ಇರಲಿ.

ಇನ್ನು ಒಂದು ಆಟಕ್ಕೆ ಒಂದು ಫೋಲ್ಡರ್. ಅದರೊಳಗೆ ವಿಡಿಯೋ ಜೊತೆ ಮೂವಿ ಡಾಟ್ ಎನ್‌ಎಫ್‌ಒ ಅಂತ ಒಂದು ಸಾದಾ ಎಕ್ಸ್‌ಎಂಎಲ್ ಕಡತ. ಲೋಕಲ್ ಓನ್ಲಿ ಹಾಕಿದ ಮೇಲೆ ಎನ್‌ಎಫ್‌ಒ ಇಲ್ಲದ ವಿಡಿಯೋ ಲೈಬ್ರರಿಗೆ ಬರುವುದೇ ಇಲ್ಲ, ಆಗ ಗಾಬರಿಯಾಗಬೇಡಿ. ಟ್ಯಾಗ್‌ಗಳ ಹೆಸರು ಇಂಗ್ಲಿಷ್ ಚಿಕ್ಕಕ್ಷರದಲ್ಲೇ ಇರಬೇಕು, ಒಳಗಿನ ಬರಹ ಕನ್ನಡದಲ್ಲಿರಬಹುದು. ಉಳಿಸುವಾಗ ಎನ್‌ಕೋಡಿಂಗ್ ಯುಟಿಎಫ್-8 ಇರಲಿ.

ಸಿನಿಮಾಕ್ಕೆ ಮಾಡಿದ ಖಾನೆಗಳು ಯಕ್ಷಗಾನಕ್ಕೆ ಆಶ್ಚರ್ಯ ಆಗುವಷ್ಟು ಸರಿಹೊಂದುತ್ತವೆ. ಆಕ್ಟರ್ ಟ್ಯಾಗ್ ಒಳಗೆ ನೇಮ್ ಮತ್ತು ರೋಲ್ ಇರುತ್ತವೆ, ಅಂದರೆ ಕಲಾವಿದರು ಮತ್ತು ಪಾತ್ರ. ಡೈರೆಕ್ಟರ್ ಜಾಗಕ್ಕೆ ಭಾಗವತರು. ಆಟ ಆಡಿಸುವವರು ಅವರೇ ಆದ್ದರಿಂದ ಇದರಲ್ಲಿ ತಪ್ಪೇನಿಲ್ಲ. ಸ್ಟುಡಿಯೋ ಅಂದರೆ ಮೇಳ. ಜಾನ್ರ (ಪ್ರಕಾರ) ಜಾಗದಲ್ಲಿ ತೆಂಕು, ಬಡಗು, ತಾಳಮದ್ದಳೆ. ಚೆಂಡೆ, ಮದ್ದಳೆಯವರನ್ನೂ ಆಕ್ಟರ್ ಟ್ಯಾಗ್‌ನಲ್ಲೇ ಸೇರಿಸಿ, ರೋಲ್‌ನಲ್ಲಿ ಚೆಂಡೆ ಅಂತ ಬರೆಯಿರಿ. ಮುಂದೆ ಒಬ್ಬ ಕಲಾವಿದರ ಹೆಸರು ಒತ್ತಿದರೆ ಅವರು ವೇಷ ಮಾಡಿದ ಎಲ್ಲ ಆಟಗಳೂ ಒಟ್ಟಿಗೆ ಬರುತ್ತವೆ. ಒಬ್ಬರ ಹೆಸರನ್ನು ಎಲ್ಲ ಕಡೆ ಒಂದೇ ರೀತಿ ಬರೆಯಬೇಕು. ಒಂದರಲ್ಲಿ ಊರು ಸೇರಿಸಿ ಇನ್ನೊಂದರಲ್ಲಿ ಬಿಟ್ಟರೆ ಕೋಡಿ ಲೆಕ್ಕದಲ್ಲಿ ಇಬ್ಬರಾಗುತ್ತಾರೆ.

ಇಸವಿಯ ವಿಚಾರದಲ್ಲಿ ಒಂದು ಸೂಕ್ಷ್ಮ ಇದೆ. ದೀಪಾವಳಿ ಆಚೀಚೆ ಹೊರಟ ಮೇಳ ಪತ್ತನಾಜೆಗೆ (ಮೇ ಕೊನೆಯ ಹೊತ್ತಿಗೆ) ಒಳಸೇರುತ್ತದೆ, ಹಾಗಾಗಿ ಒಂದೇ ತಿರುಗಾಟ, ಅಂದರೆ ಮೇಳದ ಒಂದು ವರ್ಷದ ಸಂಚಾರ, ಎರಡು ಇಸವಿಗೆ ಹಂಚಿಹೋಗುತ್ತದೆ. ದಿನಾಂಕ ಗೊತ್ತಿದ್ದರೆ ಪ್ರೀಮಿಯರ್ಡ್ ಟ್ಯಾಗ್‌ನಲ್ಲಿ ಪೂರ್ತಿ ಬರೆಯಿರಿ, ಸೆಟ್ ಟ್ಯಾಗ್‌ನಲ್ಲಿ '2009-10ರ ತಿರುಗಾಟ' ಅಂತ ಹಾಕಿ. ಒಂದು ತಿರುಗಾಟದ ಆಟಗಳೆಲ್ಲ ಒಂದೇ ಕಡೆ ಸಿಗುತ್ತವೆ.

ಪೋಸ್ಟರ್ ಬೇಕಾದರೆ ವಿಡಿಯೋದಿಂದಲೇ ಒಂದು ಒಳ್ಳೆಯ ಚಿತ್ರ ತೆಗೆದು ಪೋಸ್ಟರ್ ಡಾಟ್ ಜೆಪಿಜಿ ಹೆಸರಲ್ಲಿ ಅದೇ ಫೋಲ್ಡರ್‌ಗೆ ಹಾಕಿ. ಅಂದಿನ ಕರಪತ್ರ ಮನೆಯಲ್ಲಿದ್ದರೆ ಸ್ಕ್ಯಾನ್ ಮಾಡಿ ಹಾಕಿ, ಅದಕ್ಕಿಂತ ಚೆಂದದ್ದು ಇಲ್ಲ.

ಚೆಂಡೆಪೆಟ್ಟು

ಹಿಮ್ಮೇಳ ಸರ್, ಇದು ನನಗೆ ಹೊಳೆದೇ ಇರಲಿಲ್ಲ. ಒಂದು ಸಂಶಯ. ರಾತ್ರಿಯಿಡೀ ನಡೆದ ಆಟ ಕ್ಯಾಮೆರಾದಲ್ಲಿ ತುಂಡು ತುಂಡು ಕಡತಗಳಾಗಿದೆ. ಪ್ರತಿ ತುಂಡಿಗೂ ಎನ್‌ಎಫ್‌ಒ ಬೇಕಾ?

ಹಿಮ್ಮೇಳ

ಬೇಡ. ಎಫ್‌ಎಟಿ 32 ಕಾರ್ಡಿನಲ್ಲಿ ಒಂದು ಕಡತ 4 ಜಿಬಿ ಮೀರುವಂತಿಲ್ಲ, ಅದಕ್ಕೇ ಕ್ಯಾಮೆರಾ ಕತ್ತರಿಸುತ್ತದೆ. ಹೆಸರು ಒಂದೇ ಇರಲಿ, ಕೊನೆಯಲ್ಲಿ ಮಾತ್ರ ಪಾರ್ಟ್ 1, ಪಾರ್ಟ್ 2 ಅಂತ ಇಂಗ್ಲಿಷಿನಲ್ಲಿ, ನಡುವೆ ಒಂದು ಅಡ್ಡಗೆರೆ ಹಾಕಿ ಬರೆಯಿರಿ. ಕೋಡಿ ಅವನ್ನು ಒಂದೇ ಆಟವಾಗಿ ಹೊಲಿದು ತೋರಿಸುತ್ತದೆ, ನಿಲ್ಲಿಸಿದ ಜಾಗದಿಂದ ಮುಂದುವರಿಸಲೂ ಆಗುತ್ತದೆ.

ಪಿಕ್ಸೆಲ್‌ಪುರಾಣ

ಚಿತ್ರ ತಡೆಯುವ ವಿಷಯ ನಾನು ಹೇಳುತ್ತೇನೆ. ನಮ್ಮಲ್ಲಿ ಮಾರಿದ ಹ್ಯಾಂಡಿಕ್ಯಾಮ್‌ಗಳು ಪಾಲ್ ಪದ್ಧತಿಯವು, ಸೆಕೆಂಡಿಗೆ 50 ಅರ್ಧಚಿತ್ರ, ಇಂಟರ್‌ಲೇಸ್ಡ್, ಅಂದರೆ ಒಂದು ಬಿಟ್ಟು ಒಂದು ಗೆರೆ ಮಾತ್ರ ಇರುವಂಥವು. ನಿಮ್ಮ ಟಿವಿ 60 ಹರ್ಟ್ಜ್‌ನಲ್ಲಿ ನಿಂತಿರಬೇಕು. 50 ಚಿತ್ರವನ್ನು 60ಕ್ಕೆ ಸಮನಾಗಿ ಹಂಚಲು ಬರುವುದಿಲ್ಲ, ಕೆಲವು ಚಿತ್ರ ಎರಡೆರಡು ಸಲ ಬರುತ್ತವೆ. ಮಾತಿನ ಭಾಗದಲ್ಲಿ ಗೊತ್ತಾಗದು, ದಿಗಿಣ (ಹಾರಿ ಸುತ್ತುವ ಕುಣಿತ) ಹೊಡೆಯುವಾಗ ಎದ್ದು ಕಾಣುತ್ತದೆ.

ಸೆಟ್ಟಿಂಗ್ಸ್‌ನ ಕೆಳಗಿನ ಎಡಮೂಲೆಯಲ್ಲಿರುವ ಮಟ್ಟವನ್ನು ಎಕ್ಸ್‌ಪರ್ಟ್‌ಗೆ ತನ್ನಿ. ಪ್ಲೇಯರ್ → ವೀಡಿಯೋಸ್‌ನಲ್ಲಿ ಅಡ್ಜಸ್ಟ್ ಡಿಸ್‌ಪ್ಲೇ ರಿಫ್ರೆಶ್ ರೇಟ್ ಅನ್ನು ಆನ್ ಸ್ಟಾರ್ಟ್/ಸ್ಟಾಪ್ ಮಾಡಿ. ಆಮೇಲೆ ಸಿಸ್ಟಮ್ → ಡಿಸ್‌ಪ್ಲೇ → ವೈಟ್‌ಲಿಸ್ಟ್‌ನಲ್ಲಿ 1080ಪಿಯ 50 ಮತ್ತು 60, ಸಿನಿಮಾಗಳಿಗೆ 23.98 ಮತ್ತು 24 ಟಿಕ್ ಮಾಡಿ. ಟಿವಿ 4ಕೆ ಆಗಿದ್ದರೂ ಮೆನುವನ್ನು 1080ಪಿಯಲ್ಲೇ ಬಿಡಿ, ಪೈ ಹಗುರಾಗಿ ಓಡುತ್ತದೆ.

ಅಂಚಿನ ಗೆರೆ ಡಿಇಂಟರ್‌ಲೇಸ್ ಆಗದಿದ್ದರೆ, ಅಂದರೆ ಆ ಅರ್ಧಚಿತ್ರಗಳನ್ನು ಪೂರ್ಣ ಚಿತ್ರವಾಗಿಸದಿದ್ದರೆ ಬರುತ್ತದೆ. ವಿಡಿಯೋ ಓಡುತ್ತಿರುವಾಗ ಅದರ ವೀಡಿಯೋ ಸೆಟ್ಟಿಂಗ್ಸ್ ತೆರೆದು ಡಿಇಂಟರ್‌ಲೇಸ್ ಆಫ್ ಆಗಿದೆಯಾ ನೋಡಿ. ಕೀಬೋರ್ಡ್ ಇದ್ದರೆ ಇಂಗ್ಲಿಷಿನ 'ಓ' ಒತ್ತಿ, ಯಾವ ಡಿಕೋಡರ್, ಯಾವ ಡಿಇಂಟರ್‌ಲೇಸ್ ವಿಧಾನ ಅಂತೆಲ್ಲ ಪರದೆ ಮೇಲೆ ಬರುತ್ತದೆ.

ಮಸಾಲೆದೋಸೆ_ಮ್ಯೂನಿಕ್

ನಡುವೆ ಬಾಯಿ ಹಾಕುತ್ತಿದ್ದೇನೆ. ನನ್ನ ಹಳೆಯ ಆಂಡ್ರಾಯ್ಡ್ ಡಬ್ಬಿಯಲ್ಲಿ ಕನ್ನಡ ಬರುತ್ತದೆ, ಆದರೆ ಒತ್ತಕ್ಷರ ಬಿಡಿಬಿಡಿ. 'ಲಕ್ಷ್ಮಿ' ಓದಲು ಆಗುವುದಿಲ್ಲ. ಸಬ್‌ಟೈಟಲ್‌ನಲ್ಲಿ ಮಾತ್ರ ಸರಿಯಾಗಿದೆ. ಇದೂ ಫಾಂಟಿನ ತೊಂದರೆಯಾ?

ಹಿಮ್ಮೇಳ

ನಿಮ್ಮದು ಬೇರೆ ರೋಗ. ಡಬ್ಬಿ ಬಂದರೆ ಫಾಂಟಿನಲ್ಲಿ ಕನ್ನಡ ಇಲ್ಲ ಎಂದರ್ಥ. ಅಕ್ಷರ ಬಂದು ಒತ್ತು ಒಡೆದರೆ ಫಾಂಟ್ ಸರಿ ಇದೆ, ಅಕ್ಷರ ಜೋಡಿಸುವ ಯಂತ್ರ ಇಲ್ಲ. ಹಳೆಯ ಕೋಡಿಯ ಮೆನು ಅಕ್ಷರಗಳನ್ನು ಒಂದರ ಪಕ್ಕ ಒಂದು ಇಟ್ಟುಕೊಂಡು ಹೋಗುತ್ತಿತ್ತು. ಹಾರ್ಫ್‌ಬಜ್ ಎಂಬ ಆ ಯಂತ್ರ ಸೇರಿದ ಮೇಲಿನ ಆವೃತ್ತಿಗಳಲ್ಲಿ ಮೆನುವಿನಲ್ಲೂ ಒತ್ತು ಸರಿಯಾಗಿ ಕೂರುತ್ತದೆ. ಸಬ್‌ಟೈಟಲ್ ಬರೆಯುವುದು ಲಿಬ್‌ಆಸ್ ಎಂಬ ಬೇರೆ ಭಾಗ, ಅದಕ್ಕೆ ಮೊದಲೇ ಗೊತ್ತಿತ್ತು. ನಿಮಗೆ ಆವೃತ್ತಿ ಏರಿಸುವುದೊಂದೇ ದಾರಿ.

ಚೆಂಡೆಪೆಟ್ಟು ಅವರಿಗೆ: ಇಂಟರ್‌ಫೇಸ್ → ಸ್ಕಿನ್ → ಫಾಂಟ್ಸ್‌ನಲ್ಲಿ ಏರಿಯಲ್ ಬೇಸ್ಡ್ ಅಂತ ಇದೆ, ಮೊದಲು ಅದನ್ನು ಹಾಕಿ ನೋಡಿ. ಡಬ್ಬಿ ಹೋಗದಿದ್ದರೆ ಎಸ್ಚುವರಿಯ ನಕಲು ಮಾಡಿಕೊಳ್ಳಬೇಕು. ಲಿಬ್ರೆಎಲೆಕ್‌ನಲ್ಲಿ ಮೂಲ ಸ್ಕಿನ್ ಇರುವ ಜಾಗಕ್ಕೆ ಬರೆಯಲು ಬಿಡುವುದಿಲ್ಲ, ಆದ್ದರಿಂದ ಬೇರೆ ಕಂಪ್ಯೂಟರಿನಿಂದ ಎಸ್‌ಎಸ್‌ಎಚ್ ಮೂಲಕ ಒಳಹೋಗಿ ಆ ಫೋಲ್ಡರನ್ನು ಸ್ಟೋರೇಜ್‌ನ ಆಡ್-ಆನ್ಸ್ ಜಾಗಕ್ಕೆ ಬೇರೆ ಹೆಸರಲ್ಲಿ ನಕಲಿಸಿ. ಅದರ ಆಡ್-ಆನ್ ಎಕ್ಸ್‌ಎಂಎಲ್‌ನಲ್ಲಿ ಐಡಿ ಮತ್ತು ಹೆಸರು ಬದಲಿಸಿ. ಕೋಡಿ ಮರುಪ್ರಾರಂಭಿಸಿದ ಮೇಲೆ ಮೈ ಆಡ್-ಆನ್ಸ್‌ಗೆ ಹೋಗಿ ಎನೇಬಲ್ ಮಾಡಬೇಕು, ತಾನಾಗಿ ಆಗುವುದಿಲ್ಲ.

ಎಸ್ಚುವರಿ ಬಳಸುವ ನೋಟೋ ಸಾನ್ಸ್‌ನಲ್ಲಿ ಕನ್ನಡ ಇಲ್ಲ. ಕನ್ನಡ, ಇಂಗ್ಲಿಷ್ ಎರಡೂ ಒಂದೇ ಕಡತದಲ್ಲಿರುವ ಫಾಂಟ್ ಬೇಕು. ಬಲೂ ತಮ್ಮ 2 ಮತ್ತು ಅನೇಕ್ ಕನ್ನಡ, ಎರಡೂ ಉಚಿತ. ನನ್ನ ಓಟು ಅನೇಕ್‌ಗೆ, ದೂರದಿಂದ ಓದಲು ಸಲೀಸು. ಟಿಟಿಎಫ್ ಕಡತವನ್ನು ಸ್ಕಿನ್‌ನ ಫಾಂಟ್ಸ್ ಫೋಲ್ಡರ್‌ಗೆ ಹಾಕಿ, ಫಾಂಟ್ ಎಕ್ಸ್‌ಎಂಎಲ್‌ನಲ್ಲಿ ಕಡತದ ಹೆಸರು ಬದಲಿಸಿ. ಕಥಾಸಾರ ಬರುವ ಕಡೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿದರೆ ಅಲ್ಲೇ ಲೈನ್‌ಸ್ಪೇಸಿಂಗ್ ಸ್ವಲ್ಪ ಹೆಚ್ಚಿಸಿ.

ಮುಖಪುಟಕ್ಕೆ ಬರೋಣ. ಸ್ಕಿನ್ ಸೆಟ್ಟಿಂಗ್ಸ್‌ನ ಮೈನ್ ಮೆನು ಐಟಮ್ಸ್‌ನಲ್ಲಿ ಮೂವೀಸ್, ಫೇವರಿಟ್ಸ್ ಬಿಟ್ಟು ಉಳಿದದ್ದು ಆಫ್ ಮಾಡಿ. ಆಮೇಲೆ ಡೈರೆಕ್ಟರ್ಸ್, ಸ್ಟುಡಿಯೋಸ್, ಸೆಟ್ಸ್ ಪಟ್ಟಿಗಳನ್ನು ಒತ್ತಿ ಹಿಡಿದು ಫೇವರಿಟ್ಸ್‌ಗೆ ಸೇರಿಸಿ. ಅಲ್ಲಿ ಹೆಸರು ಬದಲಿಸಲು ಬರುತ್ತದೆ: ಭಾಗವತರು, ಮೇಳಗಳು, ತಿರುಗಾಟ. ಮುಖಪುಟದ ಮೆನುವಿನ ಹೆಸರೇ ಬದಲಾಗಬೇಕು ಅಂದರೆ ಆಗ ಪೆಟ್ಟಿಗೆಭಟ್ಟರು ಹೇಳಿದ ಏಯಾನ್ ನಾಕ್ಸ್.

ಪೆಟ್ಟಿಗೆಭಟ್ಟ

ಜೆಲ್ಲಿಫಿನ್‌ಗೆ ಉತ್ತರವೇ ಕೊಡಲಿಲ್ಲ?

ಹಿಮ್ಮೇಳ

ಕೋಣೆಕೋಣೆಯ ಟಿವಿಗೆ, ಮಕ್ಕಳ ಫೋನಿಗೆ ಹಂಚಬೇಕಾದರೆ ಜೆಲ್ಲಿಫಿನ್ ಸರಿ ಭಟ್ರೆ. ಒಂದೇ ಟಿವಿಗೆ ಸರ್ವರ್ ಬೇರೆ ಯಾಕೆ? ನಾಳೆ ಬೇಕಾದರೂ ಅದು ಇದೇ ಎನ್‌ಎಫ್‌ಒಗಳನ್ನು ಓದುತ್ತದೆ, ಮಾಡಿದ ಕೆಲಸ ದಂಡ ಆಗುವುದಿಲ್ಲ.

ಚೆಂಡೆಪೆಟ್ಟು

50 ಹರ್ಟ್ಜ್ ಮಾಡಿದ ಮೇಲೆ ಕುಣಿತ ನೀರು ಹರಿದ ಹಾಗಿದೆ, ಪಿಕ್ಸೆಲ್‌ಪುರಾಣ ಅವರಿಗೆ ಥ್ಯಾಂಕ್ಸ್. ಏರಿಯಲ್‌ನಲ್ಲಿ ಡಬ್ಬಿ ಹೋಗಲಿಲ್ಲ, ಅನೇಕ್ ಹಾಕಿದೆ, ಸರಿಯಾಯಿತು. ಎನ್‌ಎಫ್‌ಒ ಬರೆಯುವ ಕೆಲಸ ನಡೆಯುತ್ತಿದೆ. ಅಪ್ಪ ಪಾತ್ರವರ್ಗ ಹೇಳುತ್ತಾರೆ, ನಾನು ಟೈಪ್ ಮಾಡುತ್ತೇನೆ. ಎರಡು ಪ್ರಶ್ನೆ ಉಳಿದಿವೆ. ಹೆಸರು ತಿದ್ದಿದರೆ ಟಿವಿಯಲ್ಲಿ ಹಳೆಯದೇ ಕಾಣುತ್ತದೆ. ಮತ್ತೆ ರಿಮೋಟ್‌ನಲ್ಲಿ ಕನ್ನಡ ಟೈಪ್ ಮಾಡಿ ಹುಡುಕುವುದು ಹೇಗೆ? ಮಳೆಗಾಲದಲ್ಲಿ ಕರೆಂಟ್ ಹೋಗಿ ಎಸ್‌ಡಿ ಕಾರ್ಡ್ ಕೆಟ್ಟರೆ ಇದೆಲ್ಲ ಹೋಗುತ್ತದಾ ಅನ್ನುವ ಭಯವೂ ಇದೆ.

ಹಿಮ್ಮೇಳ

ಎನ್‌ಎಫ್‌ಒ ತಿದ್ದಿದರೆ ಕೋಡಿ ತಾನಾಗಿ ಮತ್ತೆ ಓದುವುದಿಲ್ಲ. ಆ ಆಟದ ಇನ್ಫರ್ಮೇಶನ್ ತೆರೆದು ರಿಫ್ರೆಶ್ ಒತ್ತಿ. ಹುಡುಕಲು ಫೋನಿಗೆ ಕೋಡಿಯವರದ್ದೇ ಆದ ಕೋರೆ ಆ್ಯಪ್ ಹಾಕಿಕೊಳ್ಳಿ, ಫೋನಿನ ಕನ್ನಡ ಕೀಬೋರ್ಡ್‌ನಲ್ಲಿ ಬರೆದದ್ದು ನೇರ ಟಿವಿಗೆ ಹೋಗುತ್ತದೆ.

ಕಾರ್ಡ್ ಕೆಟ್ಟರೂ ಎನ್‌ಎಫ್‌ಒಗಳು ವಿಡಿಯೋ ಜೊತೆ ಹಾರ್ಡ್‌ಡಿಸ್ಕ್‌ನಲ್ಲೇ ಇರುತ್ತವೆ, ಹೊಸ ಕಾರ್ಡಿನಲ್ಲಿ ಸ್ಕ್ಯಾನ್ ಮಾಡಿದರೆ ಲೈಬ್ರರಿ ವಾಪಸ್. ಸ್ಕಿನ್, ಫೇವರಿಟ್ಸ್ ಉಳಿಯಲು ಲಿಬ್ರೆಎಲೆಕ್ ಸೆಟ್ಟಿಂಗ್ಸ್‌ನಲ್ಲಿ ಬ್ಯಾಕಪ್ ತೆಗೆದು ಅದನ್ನೂ ಹಾರ್ಡ್‌ಡಿಸ್ಕ್‌ಗೆ ನಕಲಿಸಿ. ಲೈಬ್ರರಿ ಎಕ್ಸ್‌ಪೋರ್ಟ್ ಕೂಡ ಮಾಡುವುದಾದರೆ ಹಳೆಯ ಕಡತಗಳ ಮೇಲೆ ಬರೆಯಲೇ ಅಂತ ಕೇಳುತ್ತದೆ. ಅದಕ್ಕೆ ಬೇಡ ಅನ್ನಿ, ಹೌದು ಅಂದರೆ ನೀವಿಬ್ಬರೂ ಕೂತು ಬರೆದದ್ದರ ಮೇಲೆ ಬರೆದುಬಿಡುತ್ತದೆ.